ತಂಗಿಯ ಬಣ್ಣಕ್ಕೆ ಅಣ್ಣನ ಸಾಕ್ಷಿ

ಹೆದ್ದಾರಿ, ಮಿಲಾಗ್ರೆಸ್ ಬಳಿ
20 ಫೆಬ್ರವರಿ 2022

ಅಮ್ಮಾ, ಆಶೀರ್ವಾದ ಮಾಡು.

ಷರತ್ತಿನ ಪ್ರಕಾರ ಈ ತಿಂಗಳ ಕಾಗದ. ನಾನು ಶಾಲೆ ಬಿಟ್ಟು ಬ್ಯಾಗು ಹೆಗಲಿಗೇರಿಸಿದ ದಿನ ನೀನು ಬಾಗಿಲಿಗೆ ಅಡ್ಡ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಫೋನಲ್ಲಿ ಎಲ್ಲರೂ ಚೆನ್ನಾಗಿದ್ದೀನಿ ಅಂತಾರೆ. ನಿಮ್ಮಪ್ಪನೂ ಆರು ತಿಂಗಳು ಹಾಗೇ ಅಂತಿದ್ದ. ಆಮೇಲೆ ಫೋನೇ ಬರಲಿಲ್ಲ. ನೀನು ತಿಂಗಳಿಗೊಂದು ಕಾಗದ ಬರಿ. ನಿನ್ನ ಕೈಗೆ ಕಾಗದದ ಮೇಲೆ ಸುಳ್ಳು ಬರಲ್ಲ, ನಂಗೊತ್ತು." ನಾಲ್ಕನೇ ತರಗತಿಯಲ್ಲಿ ರಜಾ ಚೀಟಿಗೆ ಜ್ವರ ಅಂತ ಬರಿ ಅಂದರೆ ನಾನು 'ನದಿಗೆ ಈಜಲು ಹೋಗಿದ್ದೆ' ಅಂತ ಬರೆದು ಒದೆ ತಿಂದವನು. ಇವತ್ತಿಗೂ ಹಾಗೇ ಇದ್ದೇನೆ.

ನಿಜ ಹೇಳಬೇಕಂದರೆ ಇಟ್ಟಿಗೆ ಭಟ್ಟಿ ಬಿಟ್ಟೆ. ಈಗ ಹೆದ್ದಾರಿ ಬದಿಯ ಒಂದು ಪಂಕ್ಚರ್ ಅಂಗಡಿಯಲ್ಲಿದ್ದೇನೆ. ಎರಡು ವರ್ಷದಲ್ಲಿ ಇದು ನಾಲ್ಕನೇ ಕೆಲಸ. ಲಾರಿ ಚಕ್ರ ಬಿದ್ದು ಎಡಗೈ ಹೆಬ್ಬೆರಳ ಉಗುರು ಕಪ್ಪಾಗಿದೆ, ಉದುರುತ್ತದಂತೆ. ಮಾಲೀಕರ ಹೆಸರು ಆಜೆನೋರ್, ಗೌರವಕ್ಕೆ ಎಲ್ಲರೂ ಸೇಉ ಆಜೆನೋರ್ ಅನ್ನುತ್ತಾರೆ. ಬಂದವರಿಗೆಲ್ಲ ನನ್ನನ್ನು ತೋರಿಸಿ "ಈ ಎರಿವಾಲ್ದೊ ಗಾಳಿ ಇದ್ದ ಹಾಗೆ ಕಣ್ರೀ, ಯಾವ ಟ್ಯೂಬಲ್ಲೂ ನಿಲ್ಲಲ್ಲ" ಅನ್ನುತ್ತಾರೆ.

ನಮ್ಮ ತಾಮಿಗೆ ಫೆಡರಲ್ ತಾಂತ್ರಿಕ ಶಾಲೆಯಲ್ಲಿ ಸೀಟು ಸಿಕ್ಕಿದ ಸುದ್ದಿ ನಮ್ಮ ಕಾಗದ ಸಾಗಿಸುವ ವ್ಯಾನ್ ಡ್ರೈವರ್ ಸೇಉ ಜೆನಿವಾಲ್ ಹೇಳಿದರು. ಪುಕ್ಕಟೆ ಶಾಲೆ, ಮೂವತ್ತು ಸೀಟಿಗೆ ಎಂಟುನೂರು ಮಕ್ಕಳು ಬರೆದಿದ್ದರಂತೆ. ಇಲ್ಲಿ ನಿಂತಿದ್ದ ಲಾರಿಯವರಿಗೆಲ್ಲ ಹೇಳಿದೆ. ಯಾರೂ ಕೇಳಿರಲಿಲ್ಲ.

ನಿನ್ನ ಮಗ
ಎರಿವಾಲ್ದೊ

•

ಬಾರ್ರಾ ದೊ ಉಂಬು
13 ಮಾರ್ಚ್ 2022

ಅಣ್ಣ,

ನಿನ್ನ ಕಾಗದಾನ ಅಮ್ಮ ಒಂದು ಗಂಟೆ ಓದಿದಳು, ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು. ನಾನು ಓದಿಕೊಡ್ತೀನಿ ಅಂದ್ರೆ ಬಿಡಲ್ಲ. "ಐವತ್ತನೇ ವಯಸ್ಸಲ್ಲಿ ಓದು ಕಲಿತಿದ್ದು ನಿನ್ನ ಕೈಯಲ್ಲಿ ಓದಿಸಿಕೊಳ್ಳೋಕಾ?" ಅಂತಾಳೆ. ಅವಳು ಅಡುಗೆ ಮಾಡೋ ಪುರಸಭೆ ಶಾಲೆಯಲ್ಲಿ ಎಲ್ಲರಿಗೂ ನಾನು ವಿದ್ಯುತ್ ವಿಭಾಗ ಅಂತ ಹೇಳ್ಕೊಂಡು ಬಂದಿದ್ದಾಳೆ. ಊರಲ್ಲಿ ಯಾರ ಮನೆ ಮಿಕ್ಸಿ ಕೆಟ್ಟರೂ ನಮ್ಮ ಮನೆಗೆ ಬರ್ತಿದೆ!

ನೀಲಿ ಅಂಗಿ ಕೊಟ್ಟಿದ್ದಾರೆ. ಬೆಸುಗೆ ಹಾಕೋದು ಕಲಿತೆ. ಸೀಸ ಕರಗುವಾಗ ಒಂದು ವಾಸನೆ ಬರುತ್ತಲ್ಲ, ಅದು ನನ್ನ ಕೂದಲಿಗೆ ಹತ್ತಿಕೊಂಡಿದೆ, ತೊಳೆಯೋಕೆ ಮನಸ್ಸಾಗ್ತಿಲ್ಲ.

ನೀನು ಕೇಳೇ ಕೇಳ್ತೀಯ ಅಂತ ಮೊದಲೇ ಹೇಳ್ತೀನಿ. ನನಗೆ ಸಿಕ್ಕಿದ್ದು ಮೀಸಲು ಸೀಟು, ಕಪ್ಪು ಮತ್ತೆ ಬೆರೆತ ಬಣ್ಣದವರಿಗೆ ಅಂತ ಇಟ್ಟಿದ್ದು. ಅರ್ಜಿಯಲ್ಲಿ ಐದು ಚೌಕ ಇತ್ತು: ಬಿಳಿ, ಕಪ್ಪು, ಪಾರ್ದು, ಹಳದಿ, ಮೂಲನಿವಾಸಿ. ಪಾರ್ದು ಅಂತ ಗುರುತು ಹಾಕಿದೆ. ಬೆರೆತ ಬಣ್ಣ. ಅಮ್ಮ ಕಪ್ಪು, ಅಪ್ಪ ಬಿಳಿ, ಇನ್ನೇನು ಹಾಕಲಿ? ಅಮ್ಮ ನನ್ನ ಭುಜಕ್ಕೆ ಭುಜ ತಾಗಿಸಿ ಕೂತು ನೋಡ್ತಿದ್ದಳು. ಅವಳ ಕಣ್ಣೆದುರು ಬಿಳಿ ಅಂತ ಬರೆದಿದ್ರೆ ಅವಳನ್ನ ಅಳಿಸಿ ಹಾಕಿದ ಹಾಗೆ ಆಗ್ತಿರಲಿಲ್ವಾ? ನೀನೇ ಹೇಳು.

ಉಗುರಿಗೆ ಉಪ್ಪುನೀರು ಹಾಕು.

ತಾಮಿರಿಸ್

•

ಬಾರ್ರಾ ದೊ ಉಂಬು
24 ಏಪ್ರಿಲ್ 2022

ಅಣ್ಣ,

ಷರತ್ತಿನ ಕಾಗದ ಅಲ್ಲ ಇದು. ಸಹಾಯ ಬೇಕು.

ನನ್ನ ಮೇಲೆ ದೂರು ಹೋಗಿದೆ. 'ಬಿಳಿ ಹುಡುಗಿ ಮೀಸಲು ಸೀಟು ಕದ್ದಿದ್ದಾಳೆ' ಅಂತ. ಕೊರೋನಾ ಅಂತ ಈ ಸಲ ಮುಖ ನೋಡಿ ಬಣ್ಣ ತೀರ್ಮಾನಿಸೋ ಸಮಿತಿ ಕೂತಿರಲಿಲ್ಲ, ನಾವು ಬರೆದಿದ್ದನ್ನೇ ನಂಬಿ ಸೇರಿಸಿಕೊಂಡಿದ್ರು. ಈಗ ಜೂನ್‌ನಲ್ಲಿ ಸಮಿತಿ ಮುಂದೆ ನಿಲ್ಲಬೇಕು. ಅವರು ಒಪ್ಪದಿದ್ರೆ ಸೀಟು ಹೋಗುತ್ತೆ, ಅರ್ಧ ವರ್ಷ ಓದಿದ್ದೂ ಹೋಗುತ್ತೆ.

ದೂರು ಯಾರದ್ದು ಅಂತ ಶಾಲೆಯವರು ಹೇಳಲ್ಲ, ಆದ್ರೆ ಬೀದಿಗೆಲ್ಲ ಗೊತ್ತು. ದೋನಾ ಜುಲ್ಮಿರಾ. ಅವರ ಮಗಳು ಜಸಿಯಾರ ಮೀಸಲು ಪಟ್ಟಿಯಲ್ಲಿ ನನ್ನ ಕೆಳಗೇ ಇದ್ದಳು, ಕಾಯೋರ ಪೈಕಿ ಮೊದಲನೆಯವಳು. ಐದನೇ ತರಗತಿಯಿಂದ ಒಂದೇ ಬೆಂಚಲ್ಲಿ ಕೂತವಳು ಈಗ ನನ್ನನ್ನ ನೋಡಿದ್ರೆ ರಸ್ತೆ ಆ ಕಡೆ ದಾಟ್ತಾಳೆ. ತರಗತಿಯಲ್ಲಿ ಒಬ್ಬ ನನ್ನ ಬೆಂಚಿನ ಮೇಲೆ ಕಾಫಿ ಪುಡಿ ಇಟ್ಟು "ಮುಖಕ್ಕೆ ಹಚ್ಕೊ, ಸಮಿತಿಗೆ ಬೇಕಾಗುತ್ತೆ" ಅಂದ. ಎಲ್ಲರೂ ನಕ್ಕರು. ಮೇಷ್ಟ್ರೂ ನಗು ತಡೆಯೋಕೆ ತುಟಿ ಕಚ್ಚಿಕೊಂಡ್ರು.

ಮನೆಯವರ ಹೇಳಿಕೆ ಬರೆದುಕೊಟ್ರೆ ಕಡತಕ್ಕೆ ಸೇರಿಸ್ತಾರಂತೆ. ನೀನು ಬರೆದುಕೊಡು. ನಾವಿಬ್ಬರೂ ಒಂದೇ ಅಂತ ಬರಿ. ನೀನು ಪಟ್ಟ ಅವಮಾನ ಎಲ್ಲ ನಾನೂ ಪಟ್ಟಿದ್ದೀನಿ ಅಂತ.

ತಾಮಿ

•

ಹೆದ್ದಾರಿ, ಮಿಲಾಗ್ರೆಸ್ ಬಳಿ
1 ಮೇ 2022

ತಾಮಿ,

ಕಾಫಿ ಪುಡಿ ಇಟ್ಟವನ ಹೆಸರು ಬರೆದು ಕಳಿಸು. ಬಂದಾಗ ಮಾತಾಡುತ್ತೇನೆ.

ಚೌಕದ ಬಗ್ಗೆ ನೀನು ಕೇಳಿದ್ದೆ. ಮಾರ್ಚಿನಿಂದ ಯೋಚಿಸುತ್ತಿದ್ದೇನೆ, ಉತ್ತರ ಬರೆಯಲು ಕೈ ಬಂದಿರಲಿಲ್ಲ. ನೀನು ಬಿಳಿ ಅಂತ ಬರೆಯಬೇಕಿತ್ತು ಅಂತ ನಾನು ಹೇಳಲಾರೆ. ಅಮ್ಮನ ಪಕ್ಕ ಕೂತು ಯಾರಿಗೂ ಹಾಗೆ ಬರೆಯಲು ಆಗದು. ಆದರೆ ಆ ಚೌಕ ಕೇಳುತ್ತಿರುವುದು ನಿನ್ನ ತಾಯಿ ಯಾರು ಅಂತಲೋ, ಅಂಗಡಿಯ ಕಾವಲುಗಾರನಿಗೆ ನೀನು ಯಾರ ಹಾಗೆ ಕಾಣುತ್ತೀಯ ಅಂತಲೋ? ನನಗೆ ಗೊತ್ತಿಲ್ಲ. ಸೇಉ ಆಜೆನೋರ್ ಅವರನ್ನು ಕೇಳಿದೆ. ಅವರು ನನಗಿಂತ ಕಪ್ಪು. "ನಿನ್ನ ತಂಗಿ ಫೋಟೋ ತೋರಿಸು" ಅಂದರು, ತೋರಿಸಿದೆ. ತುಂಬ ಹೊತ್ತು ನೋಡಿ ಫೋನು ಒರೆಸಿ ವಾಪಸು ಕೊಟ್ಟು, "ಚಂದ ಇದ್ದಾಳೆ, ದೇವರು ಕಾಪಾಡಲಿ" ಅಂದರು. ಅಷ್ಟೇ.

ಜಸಿಯಾರಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವಳು ನನ್ನ ಬಣ್ಣದವಳು.

ನಾನು ಪಟ್ಟಿದ್ದೆಲ್ಲ ನೀನೂ ಪಟ್ಟಿದ್ದೀಯ ಅಂತ ಬರೆಯಲು ಆಗುವುದಿಲ್ಲ, ಅದು ನಿಜವಲ್ಲ. ಆದರೆ ನೀನು ನನ್ನ ತಂಗಿ ಎನ್ನುವುದು ನಿಜ, ನನ್ನ ಜೊತೆ ನಡೆದರೆ ನಿನಗೂ ಅವಮಾನ ಆಗುತ್ತದೆ ಎನ್ನುವುದೂ ನಿಜ. ಡಿಸೆಂಬರಿನಲ್ಲಿ ಬಸ್ ನಿಲ್ದಾಣದಲ್ಲಿ ನನ್ನನ್ನು ಹಿಡಿದ ಪೊಲೀಸರು, ನೀನು ಅಣ್ಣ ಅಂದಾಗ ಅಷ್ಟು ನಕ್ಕರೂ ಗುರುತಿನ ಚೀಟಿಯಲ್ಲಿ ತಾಯಿಯ ಹೆಸರು ನೋಡಿದ ಮೇಲೆ ನಂಬಿದರಲ್ಲ? ಅದನ್ನೇ ಬರೆಯುತ್ತೇನೆ. ಪೊಲೀಸರೇ ನಂಬಿದ ಮೇಲೆ ಸಮಿತಿ ನಂಬದೆ ಇರುತ್ತದೆಯೇ?

ಅಮ್ಮನ ಹೆಸರಿಗೆ ಲಕೋಟೆ ಕಳಿಸುತ್ತೇನೆ. ಅಂಟಿಸಿರುತ್ತೇನೆ.

ಎರಿವಾಲ್ದೊ

•

8 ಮೇ 2022

ಪರಿಶೀಲನಾ ಸಮಿತಿಯವರಿಗೆ,

ನನ್ನ ಹೆಸರು ಎರಿವಾಲ್ದೊ. ವಯಸ್ಸು ಇಪ್ಪತ್ತು. ಹನ್ನೊಂದನೇ ತರಗತಿಯಲ್ಲಿ ಶಾಲೆ ಬಿಟ್ಟವನು, ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಿ. ತಾಮಿರಿಸ್ ನನ್ನ ಒಡಹುಟ್ಟಿದ ತಂಗಿ. ತಾಯಿಯೂ ಒಬ್ಬರೇ, ತಂದೆಯೂ ಒಬ್ಬರೇ. ನಾನು ತಾಯಿಯ ಹಾಗೆ, ಅವಳು ತಂದೆಯ ಹಾಗೆ.

ಹೋದ ಡಿಸೆಂಬರಿನಲ್ಲಿ ನಾವಿಬ್ಬರೂ ಬಟ್ಟೆ ಕೊಳ್ಳಲು ಪೇಟೆಗೆ ಹೋಗಿದ್ದೆವು. ಬಸ್ ನಿಲ್ದಾಣದಲ್ಲಿ ಪೊಲೀಸರು ನನ್ನನ್ನು ಗೋಡೆಗೆ ನಿಲ್ಲಿಸಿ ಕಾಲು ಅಗಲ ಮಾಡಿಸಿ ತಡಕಿದರು. ನನ್ನ ತಂಗಿಯನ್ನು ಪಕ್ಕಕ್ಕೆ ಕರೆದು, "ಏನಮ್ಮ, ಇವನು ನಿನ್ನ ಹಿಂದೆ ಬಿದ್ದಿದ್ದಾನಾ?" ಎಂದು ಕೇಳಿದರು. ಅವಳು "ನಮ್ಮಣ್ಣ" ಎಂದಳು. ಅವರು ನಕ್ಕರು. "ಹೆದರಬೇಡ, ನಿಜ ಹೇಳು" ಎಂದರು. ಆಮೇಲೆ ಇಬ್ಬರ ಗುರುತಿನ ಚೀಟಿಯನ್ನೂ ಅಕ್ಕಪಕ್ಕ ಹಿಡಿದು ತಾಯಿಯ ಹೆಸರು ಓದಿ ಬಿಟ್ಟುಬಿಟ್ಟರು. ಬಸ್ಸಿನಲ್ಲಿ ಅವಳು ಮನೆ ತನಕ ಅತ್ತಳು.

ಅವಳನ್ನು ಪೊಲೀಸರು ಯಾವತ್ತೂ ಗೋಡೆಗೆ ನಿಲ್ಲಿಸಿಲ್ಲ. ಅಂಗಡಿಯ ಕಾವಲುಗಾರ ನನ್ನ ಹಿಂದೆ ಬರುತ್ತಾನೆ, ಅವಳ ಹಿಂದೆ ಬರುವುದಿಲ್ಲ. ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನೂ ನೀವು ನಂಬುವುದಿಲ್ಲ ಎಂದು ಬರೆಯುತ್ತಿದ್ದೇನೆ. ಆದರೆ ಅವಳು ನಮ್ಮ ಮನೆಯವಳು. ನನಗೆ ಬಿದ್ದ ಏಟು ಅವಳಿಗೂ ನೋಯುತ್ತದೆ. ದಯವಿಟ್ಟು ಅವಳನ್ನು ಶಾಲೆಯಲ್ಲಿ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಓದುವವಳು ಅವಳೊಬ್ಬಳೇ.

ಇದೆಲ್ಲ ನಿಜ.

ಎರಿವಾಲ್ದೊ

•

ಬಾರ್ರಾ ದೊ ಉಂಬು
12 ಜೂನ್ 2022

ಅಣ್ಣ,

ಮುಗೀತು. ಸಮಿತಿ ಮುಂದೆ ನಿಂತು ಬಂದೆ. ಐದು ಜನ. ಮೂವರು ಕಪ್ಪು, ಇಬ್ಬರು ಬಿಳಿ, ಎದುರಿಗೆ ಕ್ಯಾಮೆರಾ. ಕಿಟಕಿ ಹತ್ತಿರ ನಿಲ್ಲಿಸಿ ಕೂದಲು ಬಿಚ್ಚು ಅಂದ್ರು. ಹೆಸರು ಕೇಳಿದ್ರು, ನಿನ್ನನ್ನ ನೀನು ಏನಂತ ಹೇಳ್ಕೋತೀಯ ಅಂದ್ರು, ಪಾರ್ದು ಅಂದೆ. ಆಮೇಲೆ ಬರೀ ನೋಡಿದ್ರು. ಮೂಗು, ತುಟಿ, ಕೂದಲು. ನನ್ನ ಮುಖ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

ಅಮ್ಮ ಹಿಂದೆ ಕೂತಿದ್ದಳು, ಚರ್ಚಿಗೆ ಉಡೋ ಬಟ್ಟೆಯಲ್ಲಿ. ಎದ್ದು ಅಜ್ಜಿ ಫೋಟೋ ಕೊಡೋಕೆ ಹೋದಳು. ಅಧ್ಯಕ್ಷೆ ತುಂಬ ಮೆತ್ತಗೆ, "ಫೋಟೋ ಬೇಡ ಅಮ್ಮ, ನಾವು ಹುಡುಗಿ ಮುಖ ಮಾತ್ರ ನೋಡಬೇಕು, ಮನೆಯವರದ್ದಲ್ಲ" ಅಂದ್ರು. ಅಮ್ಮ ಫೋಟೋನ ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕ್ಕೊಂಡಳು.

ನೀನು ಏನು ಬರೆದೆ? ಹೇಳಿಕೆ ಕೊಡೋ ಕೊನೇ ದಿನ ವ್ಯಾನ್ ಬಂದಿದ್ದೇ ಹನ್ನೊಂದಕ್ಕೆ, ಕಚೇರಿ ಮುಚ್ಚೋದು ಹನ್ನೆರಡಕ್ಕೆ, ನಾನು ತರಗತಿಯಲ್ಲಿದ್ದೆ. ಅಮ್ಮ ಓದೋಕೆ ಕೂತಿದ್ರೆ ಒಂದು ಗಂಟೆ ಆಗ್ತಿತ್ತಲ್ಲ, ಅಂಟಿಸಿದ್ದನ್ನ ಹಾಗೇ ಓಡಿಹೋಗಿ ಕೊಟ್ಟಳಂತೆ. "ನನ್ನ ಮಗ ಕಾಗದದ ಮೇಲೆ ಸುಳ್ಳು ಬರೆಯಲ್ಲ ಅಂತ ಗುಮಾಸ್ತರಿಗೂ ಹೇಳಿ ಬಂದೆ" ಅಂದಳು. ಸಮಿತೀಲಿ ಒಬ್ಬರು ಅದನ್ನ ತೆಗೆದು ಎರಡು ಸಲ ಓದಿದ್ರು. ಓದಿ ನನ್ನನ್ನೇ ನೋಡಿದ್ರು. ಕಣ್ಣು ಒದ್ದೆ ಆಗಿತ್ತು ಅಣ್ಣ. ನಿನ್ನ ಕಾಗದ ಕೆಲಸ ಮಾಡಿದೆ ಅನ್ಸುತ್ತೆ.

ಸಾಂ ಜೊಆಂವ್ ಹಬ್ಬಕ್ಕೆ ಬಾ. ಬೀದಿಯಲ್ಲಿ ಬೆಂಕಿ ಹಾಕೋಕೆ ಸೌದೆ ಕೂಡಿಸ್ತಿದ್ದೀವಿ. ಜೋಳದ ಪಾಯಸ ನಿನಗೆ ಅಂತ ಬೇರೆ ತೆಗೆದಿಡ್ತೀನಿ.

ತಾಮಿ

•

ಬಾರ್ರಾ ದೊ ಉಂಬು
1 ಜುಲೈ 2022

ಎರಿವಾಲ್ದೊ,

ಆದೇಶ ಬಂತು. ಎರಡನೇ ಪುಟದಲ್ಲಿ ಹೀಗಿದೆ:

'ಸಮಾಜವು ವಿದ್ಯಾರ್ಥಿನಿಯನ್ನು ಬಿಳಿಯಳೆಂದೇ ಕಾಣುತ್ತದೆ ಎಂಬುದನ್ನು ಆಕೆಯ ಪರವಾಗಿ ಸಲ್ಲಿಸಿದ ದಾಖಲೆಯೇ ದೃಢಪಡಿಸುತ್ತದೆ. "ಅವಳನ್ನು ಪೊಲೀಸರು ಯಾವತ್ತೂ ಗೋಡೆಗೆ ನಿಲ್ಲಿಸಿಲ್ಲ" ಎಂದು ಸ್ವತಃ ಆಕೆಯ ಅಣ್ಣ ಬರೆದುಕೊಟ್ಟಿದ್ದಾರೆ. ಪ್ರವೇಶ ರದ್ದುಪಡಿಸಲಾಗಿದೆ.'

ನೀಲಿ ಅಂಗಿ ವಾಪಸು ಕೊಟ್ಟೆ. ಒಗೆದು ಇಸ್ತ್ರಿ ಮಾಡಿ ಕೊಟ್ಟಳು ಅಮ್ಮ. ಗೇಟಲ್ಲಿ ಕಾವಲುಗಾರ "ಯಾಕಮ್ಮ, ಶಾಲೆ ಬಿಟ್ಟೆಯಾ?" ಅಂತ ಕೇಳಿದ.

ನೀನು ಹಬ್ಬಕ್ಕೂ ಬರಲಿಲ್ಲ.

ಒಂದೇ ಪ್ರಶ್ನೆ. ಗೊತ್ತಿದ್ದೇ ಬರೆದೆಯಾ?

ತಾಮಿರಿಸ್

•

ಹೆದ್ದಾರಿ, ಮಿಲಾಗ್ರೆಸ್ ಬಳಿ
17 ಜುಲೈ 2022

ತಾಮಿ,

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಹದಿನಾರು ದಿನ ಬೇಕಾಯಿತು. ಮೂರು ಸಲ 'ಇಲ್ಲ' ಎಂದು ಬರೆದು ಹರಿದೆ.

ನಿನಗೆ ಒಳ್ಳೆಯದಾಗಲಿ ಅಂತಲೇ ಕೂತು ಬರೆದೆ. ತಾಯಿಯ ಹೆಸರು ಒಂದೇ ಎನ್ನುವುದು ಸಾಕು ಅಂತ ನಿಜವಾಗಿ ನಂಬಿದ್ದೆ. ಆದರೆ ಆ ಗೋಡೆಯ ಸಾಲು ಬರುವ ಹೊತ್ತಿಗೆ ಪೆನ್ನು ನಿಂತಿತು. ಎದ್ದು ಹೋಗಿ ಒಂದು ಚಕ್ರಕ್ಕೆ ಗಾಳಿ ತುಂಬಿ ಬಂದೆ. ಬಂದು ಬರೆದೆ. ಪೆನ್ನು ನಿಂತಿತು ಅಂದ ಮೇಲೆ ಒಳಗೆ ಎಲ್ಲೋ ಗೊತ್ತಿತ್ತು ಅಂತಲೇ ಅರ್ಥ. ನೀನು ಕೇಳಿದ್ದೀಯ, ಹೇಳಿದ್ದೇನೆ.

ಸೇಉ ಆಜೆನೋರ್‌ಗೆ ಆದೇಶ ಓದಿ ಹೇಳಿದೆ. "ಮೂರ್ಖ, ನಿನ್ನನ್ನು ಯಾರಾದರೂ ಆ ಸಾಲು ಕೇಳಿದ್ದರಾ?" ಅಂದರು. ಆಮೇಲೆ ಚಕ್ರದ ಕಡೆ ತಿರುಗಿ, "ಆ ನಿಯಮ ಬರೋಕೆ ನಮ್ಮೋರು ಎಷ್ಟು ವರ್ಷ ಬೀದೀಲಿ ಕೂಗಿದ್ದಾರೆ ಗೊತ್ತಾ? ಅದು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ನಿನ್ನ ತಂಗಿ ತಪ್ಪು ಮಾಡಿದಳು ಅನ್ನೋಕೂ ಬರಲ್ಲ. ಆ ಜ್ಯಾಕ್ ಕೊಡು" ಅಂದರು. ನನಗೂ ಹಾಗೇ. ನಿಯಮ ಸರಿ ಅಂತ ಅನ್ನಿಸುತ್ತದೆ, ನಿನ್ನ ನೀಲಿ ಅಂಗಿ ನೆನಪಾದರೆ ಊಟ ಇಳಿಯುವುದಿಲ್ಲ.

ಆ ಹೇಳಿಕೆಯಲ್ಲಿ ಇದೆಲ್ಲ ನಿಜ ಎಂದು ಸಹಿ ಹಾಕಿದ್ದೆ. ಆದರೆ ಒಂದು ವಿಷಯ ಬಿಟ್ಟಿದ್ದೆ. ಇನ್ನೂ ಮುಚ್ಚಿಟ್ಟುಕೊಂಡು ನಿನಗೆ ಕಾಗದ ಬರೆಯಲಾರೆ.

ಆ ದಿನ ಪೊಲೀಸ್ "ಇವನು ನಿನ್ನ ಹಿಂದೆ ಬಿದ್ದಿದ್ದಾನಾ?" ಅಂತ ಕೇಳಿದಾಗ ನೀನು ತಕ್ಷಣ ಹೇಳಲಿಲ್ಲ. ನನ್ನ ಕೆನ್ನೆ ಗೋಡೆಗೆ ಒತ್ತಿತ್ತು, ನಿನ್ನ ಕಾಲು ಮಾತ್ರ ಕಾಣುತ್ತಿತ್ತು. ನಿನ್ನ ಬೆರಳು ಚಪ್ಪಲಿಯೊಳಗೆ ಮಡಿಚಿಕೊಂಡವು. ಮೇಲಿನ ಧ್ವನಿವರ್ಧಕ ಜೆಕಿಯೆ ಊರಿಗೆ ಹೋಗುವ ಬಸ್ಸಿನ ಹೆಸರನ್ನು ಮೂರು ಸಲ ಕೂಗಿತು. ಆಮೇಲೆ ನೀನು "ನಮ್ಮಣ್ಣ" ಅಂದೆ.

ಅಷ್ಟು ಹೊತ್ತು ಏನು ಯೋಚಿಸಿದೆ ಅಂತ ನಾನು ಯಾವತ್ತೂ ಕೇಳಿಲ್ಲ. ಹದಿನೈದು ತುಂಬದ ಹುಡುಗಿ, ಹೆದರಿರುತ್ತಾಳೆ ಅಂದುಕೊಂಡೆ. ಅದನ್ನು ಸಮಿತಿಗೆ ಬರೆಯಲಿಲ್ಲ. ನಿನ್ನ ಸಲುವಾಗಿ ನಾನು ಮಾಡಿದ್ದು ಅದೊಂದೇ. ಅದೂ ಸಾಲಲಿಲ್ಲ.

ಕ್ಷಮಿಸು ಅಂತ ಕೇಳಲು ಬರೆಯುತ್ತಿಲ್ಲ. ಕ್ಷಮಿಸಿದರೆ ಬರೆ.

ಅಣ್ಣ

•

ಬಾರ್ರಾ ದೊ ಉಂಬು
14 ಆಗಸ್ಟ್ 2022

ಮಗನೇ,

ದೇವರು ನಿನ್ನನ್ನು ಕಾಪಾಡಲಿ. ಇದು ನಾನೇ ಬರೀತಿರೋದು. ನಿಧಾನ ಆಗುತ್ತೆ, ಓದಿಕೊ.

ನಿನ್ನ ಕಾಗದ ಓದಿದ ನಾಲ್ಕನೇ ದಿನ ತಾಮಿ ಕನ್ನಡಿ ತೆಗೆದು ಮಂಚದ ಕೆಳಗೆ ಇಟ್ಟಳು. ಈಗ ರಾಜ್ಯದ ಶಾಲೆಗೆ ಹೋಗ್ತಾಳೆ, ಬರ್ತಾಳೆ. ಮಿಕ್ಸಿ ತಂದವರನ್ನ ವಾಪಸು ಕಳಿಸ್ತಾಳೆ. ಒಂದು ದಿನ ಜೋಳದ ಹಿಟ್ಟಿನ ಕುಸ್‌ಕುಸ್ ಬೇಯಿಸ್ತಿದ್ದೆ, ಹಿಂದೆ ಬಂದು ನಿಂತು "ಅಮ್ಮ, ನಾನು ನಿನ್ನ ಮಗಳ ಹಾಗೆ ಕಾಣಲ್ವಾ?" ಅಂದಳು. ಕೈ ಹಿಡಿದು ನನ್ನ ಕೈ ಪಕ್ಕ ಇಟ್ಟೆ. ಉಗುರು ನೋಡು, ಇಬ್ಬರದ್ದೂ ಒಂದೇ ಅಂದೆ. ಅವಳು ಕೈ ಎಳಕೊಂಡಳು.

ಜುಲ್ಮಿರಾ ಬಂದಿದ್ದಳು. ಮೊದಲು ಬಾಗಿಲು ತೆಗೀಬಾರದು ಅಂದುಕೊಂಡೆ. ಸೇರಿಸಿಕೊಳ್ಳೋ ದಿನಾಂಕ ಮುಗಿದಿತ್ತಂತೆ, ಆ ಸೀಟು ಯಾರಿಗೂ ಕೊಡಲಿಲ್ವಂತೆ. ಬೆಂಚು ಖಾಲಿ ಇದೆ. ಅವಳ ಜಸಿಯಾರ ಸಾಲ್ವದೋರ್ ನಗರಕ್ಕೆ ಹೋದಳು, ಯಾರದೋ ಮನೇಲಿ ಮಗು ನೋಡಿಕೊಳ್ಳೋಕೆ. ಜುಲ್ಮಿರಾ ಕುಸ್‌ಕುಸ್ ಮೊಟ್ಟೆ ತಿಂದಳು, ಕಾಫಿ ಕುಡಿದಳು. ಹೋಗುವಾಗ ತಟ್ಟೆ ತೊಳೆದಿಟ್ಟು ಹೋದಳು.

ಆ ಲಕೋಟೆ ಹಿಡಿದು ಓಡಿದವಳು ನಾನು. ಒಂದು ಗಂಟೆ ಕೂತು ಓದಿದ್ರೆ ಕೊಡ್ತಿರಲಿಲ್ಲ. ನಿನ್ನ ಕೈಗೆ ಸುಳ್ಳು ಬರೆಯೋಕೆ ಬರಲ್ಲ ಅಂತ ಊರಿಗೆಲ್ಲ ಹೇಳಿ ಮೆರೆದವಳು ನಾನು. ತಪ್ಪು ನನ್ನದು ಅಂತಿಟ್ಟುಕೊ.

ಷರತ್ತು ತೆಗೆದು ಹಾಕಿದ್ದೀನಿ. ಇನ್ನು ಮೇಲೆ ಕಾಗದ ಬರೀಬೇಡ. ಭಾನುವಾರ ಫೋನ್ ಮಾಡು. ಎಲ್ಲರ ಹಾಗೆ ಚೆನ್ನಾಗಿದ್ದೀನಿ ಅನ್ನು. ಅಷ್ಟು ಸಾಕು ನಮಗೆ.

ಅಮ್ಮ

•

ಹೆದ್ದಾರಿ, ಮಿಲಾಗ್ರೆಸ್ ಬಳಿ
4 ಸೆಪ್ಟೆಂಬರ್ 2022

ಅಮ್ಮಾ, ಆಶೀರ್ವಾದ ಮಾಡು.

ಬರೆಯಬೇಡ ಅಂದಿದ್ದೀಯ. ಹೇಳಿದ ಹಾಗೆ ಫೋನ್ ಮಾಡಿದೆ ಅಂತ ತಿಳಿಸಲು ಇದೊಂದು. ಇನ್ನು ಬರೆಯುವುದಿಲ್ಲ.

ಹೋದ ಭಾನುವಾರ ನೀನು ಚರ್ಚಿಗೆ ಹೋಗಿದ್ದೆಯಂತೆ, ತಾಮಿ ಎತ್ತಿದಳು. "ಅಮ್ಮ ಇಲ್ಲ" ಅಂದಳು. "ನಿನ್ನ ಹತ್ತಿರಾನೇ ಮಾತಾಡಬೇಕಿತ್ತು" ಅಂದೆ. ಅವಳು ಫೋನ್ ಇಡಲಿಲ್ಲ. "ಹೇಗಿದ್ದೀಯ?" ಅಂದೆ.

ಸೇಉ ಆಜೆನೋರ್ ಹೊರಗೆ ಒಂದು ಲಾರಿ ಚಕ್ರ ಬಿಚ್ಚುತ್ತಿದ್ದರು. ಒಂದು ನಟ್ಟು ಡಬ್ಬಕ್ಕೆ ಬಿದ್ದ ಸದ್ದು ಕೇಳಿಸಿತು. ಎರಡನೆಯದು. ಮೂರನೆಯದು. ಆಮೇಲೆ ಅವಳು "ಚೆನ್ನಾಗಿದ್ದೀನಿ" ಅಂದಳು.

"ನೀನು?" ಅಂದಳು.

ನನಗೆ ಬಾಯಿ ತೆರೆಯಲು ಆಗಲಿಲ್ಲ ಅಮ್ಮ. ಅವಳು ಕಾದಳು, ತುಂಬ ಹೊತ್ತು ಕಾದಳು. ಕೊನೆಗೆ ಫೋನಿನಲ್ಲಿದ್ದ ದುಡ್ಡು ಮುಗಿದು ತಾನಾಗಿ ಕಡಿದುಹೋಯಿತು. ಮತ್ತೆ ಮಾಡಲು ಧೈರ್ಯ ಬರಲಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಬಾಕಿ ಇದೆ, ಇದರಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ನೀನೇ ಓದಿ ಹೇಳು, ಎಷ್ಟು ಹೊತ್ತಾದರೂ ಆಗಲಿ, ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು.

ನಾನು ಚೆನ್ನಾಗಿದ್ದೇನೆ.

ನಿನ್ನ ಮಗ
ಎರಿವಾಲ್ದೊ